ರಿಲ್ಯಾಕ್ಸ್ ಮಾಡಿದ ನಾಜೂಕು ಕೂದಲಿಗೆ ಯಾವ ರೋಲರ್? ತುಂಡಾಗದಂತೆ ಸೆಟ್ ಮಾಡಲು ಒಂದು ಹೋಲಿಕೆಯ ಮಾರ್ಗದರ್ಶಿ

ರಿಲ್ಯಾಕ್ಸರ್ ಎಂಬ ಕ್ಷಾರೀಯ ರಸಾಯನ ಹಾಕಿ ನೇರಗೊಳಿಸಿದ ಕೂದಲನ್ನು ತೊಳೆದು, ಒದ್ದೆಯಿರುವಾಗಲೇ ರೋಲರ್‌ಗಳಿಗೆ ಸುತ್ತಿ, ತಲೆಯನ್ನು ಮುಚ್ಚಿ ಬಿಸಿಗಾಳಿ ಬಿಡುವ ಹುಡ್ ಡ್ರೈಯರ್ ಕೆಳಗೆ ಕುಳಿತು ಒಣಗಿಸಿಕೊಳ್ಳುವ ಕ್ರಮ ಅಮೆರಿಕದಲ್ಲಿ ಆಫ್ರಿಕನ್ ಅಮೆರಿಕನ್ ಮಹಿಳೆಯರ ಪಾರ್ಲರ್‌ಗಳಲ್ಲಿ ಹಲವು ದಶಕಗಳಿಂದ ನಡೆದುಬಂದಿದೆ. ನ್ಯೂಯಾರ್ಕ್ ನಗರದ ವಾಷಿಂಗ್ಟನ್ ಹೈಟ್ಸ್‌ನ ಡೊಮಿನಿಕನ್ ಪಾರ್ಲರ್‌ಗಳಂತೂ ಈ ಕೆಲಸಕ್ಕೇ ಹೆಸರಾಗಿವೆ. ಕಾದ ಸ್ಟ್ರೈಟ್ನರ್ ಪಟ್ಟಿಗಳ ನಡುವೆ ಕೂದಲನ್ನು ಎಳೆಯುವುದಕ್ಕೆ ಹೋಲಿಸಿದರೆ ಇದು ಸೌಮ್ಯವಾದ ವಿಧಾನವೇ. ಹಾಗಿದ್ದೂ ಹೀಗೆ ಸೆಟ್ ಮಾಡಿ ಮುಗಿದ ಮೇಲೆ ಹೆಗಲ ಮೇಲಿನ ಟವೆಲ್‌ನಲ್ಲಿ ಅರ್ಧ ಇಂಚು, ಒಂದು ಇಂಚು ಉದ್ದದ ಕೂದಲ ತುಂಡುಗಳು ಕಾಣಿಸಿಕೊಳ್ಳುತ್ತವೆ ಎಂದು ದೂರುವವರು ಬಹಳ. ಈ ತುಂಡುಗಳಲ್ಲಿ ಹೆಚ್ಚಿನವು ಒಂದೇ ಜಾಗದ ಮೇಲೆ ಬಿದ್ದ ಎಳೆತದಿಂದ ಆದವು. ಹಾಗಾಗಿ ರೋಲರ್, ಕ್ಲಿಪ್, ಡ್ರೈಯರ್ ಯಾವುದನ್ನೇ ಆರಿಸುವಾಗಲೂ ಅದು ಎಳೆತವನ್ನು ಎಳೆಯ ಉದ್ದಕ್ಕೂ ಹಂಚುತ್ತದೆಯೋ ಅಥವಾ ಒಂದು ಕಡೆ ಕೂಡಿಹಾಕುತ್ತದೆಯೋ ಎಂಬುದನ್ನು ಮೊದಲು ನೋಡಬೇಕು. ಕೆಳಗಿನ ಹೋಲಿಕೆಯನ್ನೆಲ್ಲ ಈ ಅಳತೆಯಿಂದಲೇ ಮಾಡಲಾಗಿದೆ.

ಬೆಂಗಳೂರಿನ ಕಮ್ಮನಹಳ್ಳಿ, ಹೆಣ್ಣೂರು ಸುತ್ತಮುತ್ತ ನೆಲೆಸಿರುವ ಆಫ್ರಿಕದ ವಿದ್ಯಾರ್ಥಿನಿಯರಲ್ಲಿ ರಿಲ್ಯಾಕ್ಸರ್ ಬಳಸುವವರಿಗೆ ಈ ವಿಚಾರ ನೇರವಾಗಿ ಅನ್ವಯಿಸುತ್ತದೆ. ನಮ್ಮ ಪಾರ್ಲರ್‌ಗಳಲ್ಲಿ ಸ್ಟ್ರೈಟನಿಂಗ್, ರಿಬಾಂಡಿಂಗ್ ಮಾಡಿಸಿಕೊಂಡವರೂ ರೋಲರ್, ಕ್ಲಿಪ್, ಒಣಗಿಸುವಿಕೆಯ ಬಗೆಗಿನ ಮಾತುಗಳನ್ನು ತಮಗೂ ಅನ್ವಯಿಸಿಕೊಳ್ಳಬಹುದು. ಆದರೆ ಅಲ್ಲಿ ಬಳಸುವ ಥಯೋಗ್ಲೈಕೊಲೇಟ್ ಮೂಲದ ಕ್ರೀಮು ಮತ್ತು ಇಲ್ಲಿ ಹೇಳುತ್ತಿರುವ ಹೈಡ್ರಾಕ್ಸೈಡ್ ಮೂಲದ ರಿಲ್ಯಾಕ್ಸರ್ ಬೇರೆ ಬೇರೆ ರಸಾಯನಗಳು. ಒಂದರ ಮೇಲೆ ಇನ್ನೊಂದನ್ನು ಹಾಕಿದರೆ ಕೂದಲು ಗುಚ್ಛಗುಚ್ಛವಾಗಿ ತುಂಡಾಗುವ ಅಪಾಯವಿದೆ. ಅದನ್ನು ಯಾವ ರೋಲರ್ ಕೂಡ ತಡೆಯಲಾರದು.

ಕೂದಲು ನಾಜೂಕಾಗುವುದು ಎಲ್ಲಿ

ಕೂದಲಿಗೆ ಆಕಾರ ಮತ್ತು ಗಟ್ಟಿತನ ಕೊಡುವುದು ಅದರ ಕೆರಾಟಿನ್‌ನಲ್ಲಿರುವ ಡೈಸಲ್ಫೈಡ್ ಬಂಧಗಳು. ಪಿಎಚ್ 12ರಿಂದ 14ರ ಮಟ್ಟದ ಕ್ಷಾರೀಯ ರಿಲ್ಯಾಕ್ಸರ್ ಈ ಬಂಧಗಳಲ್ಲಿ ಹಲವನ್ನು ಮುರಿದು ಲ್ಯಾಂಥಿಯೊನೀನ್ ಎಂಬ ಬೇರೆ ಬಂಧವಾಗಿ ಬದಲಿಸುತ್ತದೆ. ಎರಡು ಗಂಧಕದ ಪರಮಾಣುಗಳಿದ್ದ ಕಡೆ ಒಂದೇ ಉಳಿಯುತ್ತದೆ. ಇದು ಮತ್ತೆ ಹಿಂದಿರುಗದ ಬದಲಾವಣೆ. ಸೋಡಿಯಂ ಹೈಡ್ರಾಕ್ಸೈಡ್ ಇರುವ ಲೈ ರಿಲ್ಯಾಕ್ಸರ್ ಬೇಗ ಕೆಲಸ ಮಾಡುತ್ತದೆ, ನೆತ್ತಿಯನ್ನು ಸುಡುವ ಸಾಧ್ಯತೆಯೂ ಅದರಲ್ಲಿ ಹೆಚ್ಚು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕ್ರೀಮಿಗೆ ಗ್ವಾನಿಡೀನ್ ಕಾರ್ಬೊನೇಟ್ ದ್ರವ ಬೆರೆಸಿ ಹಚ್ಚುವ ನೋ-ಲೈ ರಿಲ್ಯಾಕ್ಸರ್ ನೆತ್ತಿಗೆ ಕೊಂಚ ಹಿತವಾದರೂ ಕೂದಲ ಮೇಲೆ ಕ್ಯಾಲ್ಸಿಯಂ ಅಂಶವನ್ನು ಬಿಟ್ಟುಹೋಗುತ್ತದೆ, ಅದರಿಂದ ಕೂದಲು ಒರಟಾಗಿ ಒಣಗಿದಂತಾಗುತ್ತದೆ. ನೋ-ಲೈ ಬಳಸುವವರು ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತಲೆ ತೊಳೆಯುತ್ತಿದ್ದರೆ ಈ ತೊಂದರೆ ಇನ್ನೂ ಹೆಚ್ಚಾಗುತ್ತದೆ. ಅಂಥವರು ಆಗಾಗ ಕೀಲೇಟಿಂಗ್ ಶಾಂಪೂ ಬಳಸಿ ಆ ಲವಣವನ್ನು ತೆಗೆದ ಮೇಲೆಯೇ ರೋಲರ್ ಹಿಡಿಯುವುದು ಒಳ್ಳೆಯದು, ಏಕೆಂದರೆ ಒರಟಾದ ಎಳೆಗಳು ಸುತ್ತುವಾಗ ಒಂದಕ್ಕೊಂದು ತೊಡರಿಕೊಳ್ಳುತ್ತವೆ.

ಎಲ್ಲಕ್ಕಿಂತ ದುರ್ಬಲವಾದ ಜಾಗ ಬುಡದ ಹತ್ತಿರವಿದೆ. ರಿಲ್ಯಾಕ್ಸ್ ಮಾಡಿಸಿ ಎಂಟು ವಾರ ಕಳೆದರೆ ಬುಡದಲ್ಲಿ ಹೆಚ್ಚುಕಡಿಮೆ ಒಂದು ಇಂಚಿನಷ್ಟು ಸುರುಳಿಗೂದಲು ಹೊಸದಾಗಿ ಬೆಳೆದಿರುತ್ತದೆ. ಗಟ್ಟಿಯಾದ ಆ ಸುರುಳಿ ಮತ್ತು ರಸಾಯನದಿಂದ ಮೆತ್ತಗಾದ ನೇರ ಕೂದಲು ಕೂಡುವ ಜಾಗದಲ್ಲಿ ಎಳೆ ಸಹಜವಾಗಿಯೇ ಬಾಗುತ್ತದೆ. ಕೂದಲನ್ನು ಬಿಗಿಯಾಗಿ ಎಳೆದು ಸುತ್ತಿದಾಗ ಆ ಎಳೆತವೆಲ್ಲ ಬಂದು ಬೀಳುವುದು ಇದೇ ಕೂಡುಜಾಗದ ಮೇಲೆ. ಅದರ ಜೊತೆಗೆ ನೀರಿನ ಪಾತ್ರವನ್ನೂ ಸೇರಿಸಿಕೊಳ್ಳಬೇಕು: ಒದ್ದೆಯಾದಾಗ ಕೂದಲಿನ ಹೈಡ್ರೋಜನ್ ಬಂಧಗಳು ಬಿಡುತ್ತವೆ, ಎಳೆ ಉಬ್ಬುತ್ತದೆ, ಸುಲಭವಾಗಿ ಹಿಗ್ಗುತ್ತದೆ, ಒಣಗುವಾಗ ಅದೇ ಬಂಧಗಳು ರೋಲರ್‌ನ ಆಕಾರದಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ. ಸೆಟ್ ನಿಲ್ಲುವುದು ಇದರಿಂದಲೇ, ಕೂದಲು ತುಂಡಾಗುವ ಭಯ ಒದ್ದೆಯಲ್ಲಿ ಹೆಚ್ಚಿರುವುದೂ ಇದರಿಂದಲೇ.

ಸೆಟ್ ಮಾಡಬೇಕೋ ಬೇಡವೋ

ರೋಲರ್‌ಗಳ ಹೋಲಿಕೆಗೆ ಮೊದಲು ಕೂದಲು ಅದಕ್ಕೆ ಸಿದ್ಧವಿದೆಯೇ ಎಂದು ನೋಡಬೇಕು. ಬಾಚಣಿಗೆಯಲ್ಲಿ ಉಳಿದ ಒಂದು ಎಳೆಯನ್ನು ನೀರಿನಲ್ಲಿ ನೆನೆಸಿ, ಎರಡೂ ಕೈಗಳ ಬೆರಳ ತುದಿಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಅದು ಸ್ವಲ್ಪ ಹಿಗ್ಗಿ, ಬಿಟ್ಟಾಗ ಮತ್ತೆ ಕುಗ್ಗಿದರೆ ಸೆಟ್ ಮಾಡಬಹುದು. ಹಿಗ್ಗದೆಯೇ ಪಟ್ಟನೆ ತುಂಡಾದರೆ ಕೂದಲಿಗೆ ತೇವಾಂಶ ಸಾಲದು, ಒಂದೆರಡು ವಾರ ಆಳವಾದ ಕಂಡೀಷನಿಂಗ್ ಬೇಕು. ಬೆಂದ ಶಾವಿಗೆಯಂತೆ ಹಿಗ್ಗುತ್ತಲೇ ಹೋಗಿ, ವಾಪಸಾಗದೆ ಕಿತ್ತುಬಂದರೆ ಒಳಗಿನ ರಚನೆಯೇ ಸಡಿಲಾಗಿದೆ ಎಂದರ್ಥ. ಅಂಥ ಕೂದಲಿಗೆ ಹೈಡ್ರೊಲೈಜ್ಡ್ ಪ್ರೋಟೀನ್ ಇರುವ ಚಿಕಿತ್ಸೆ ಬೇಕು, ಅದರ ನಂತರ ತೇವ ತುಂಬುವ ಕಂಡೀಷನರ್ ಬೇಕು. ಅಲ್ಲಿಯವರೆಗೆ ಯಾವ ಬಗೆಯ ಒದ್ದೆ ಸೆಟ್ಟೂ ಬೇಡ ಎಂದು ನಾನು ಒತ್ತಿ ಹೇಳುತ್ತೇನೆ.

ಉದುರುವುದು ಮತ್ತು ತುಂಡಾಗುವುದು ಎರಡೂ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಉದ್ದಕ್ಕೆ ಬಂದ ಎಳೆಯ ಒಂದು ತುದಿಯಲ್ಲಿ ಚಿಕ್ಕ ಬಿಳಿ ಗಂಟು ಇದ್ದರೆ ಅದು ತನ್ನ ಅವಧಿ ಮುಗಿಸಿ ಬುಡದಿಂದ ಉದುರಿದ ಕೂದಲು. ಎರಡೂ ತುದಿಯಲ್ಲಿ ಗಂಟಿಲ್ಲದ ಗಿಡ್ಡ ತುಂಡುಗಳು ಮಾತ್ರ ಈ ಲೇಖನದ ಕಾಳಜಿ. ಬಿಳಿ ಟವೆಲ್ ಹೊದ್ದು ಸೆಟ್ ಮಾಡಿದರೆ ಯಾವ ಹಂತದಲ್ಲಿ ತುಂಡುಗಳು ಬೀಳುತ್ತವೆ ಎಂಬುದು ತಾನಾಗಿ ಗೊತ್ತಾಗುತ್ತದೆ: ಸಿಕ್ಕು ಬಿಡಿಸುವಾಗಲೋ, ಸುತ್ತುವಾಗಲೋ, ಬಿಚ್ಚುವಾಗಲೋ.

ರೋಲರ್‌ಗಳು

ಮ್ಯಾಗ್ನೆಟಿಕ್ ರೋಲರ್ ಎಂದು ಕರೆಯಲಾಗುವ, ರಂಧ್ರಗಳಿರುವ ನುಣುಪು ಪ್ಲಾಸ್ಟಿಕ್ ಕೊಳವೆಯಲ್ಲಿ ಅಯಸ್ಕಾಂತವೇನೂ ಇಲ್ಲ. ಒದ್ದೆ ಕೂದಲು ಅದರ ಮೈಗೆ ತಾನಾಗಿ ಅಂಟಿಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ಒದ್ದೆ ಸೆಟ್‌ಗೆ ಮೊದಲ ಆಯ್ಕೆ ಇದೇ. ಇದರ ಮೈಯಲ್ಲಿ ಕೂದಲನ್ನು ಹಿಡಿಯುವ ಮುಳ್ಳಾಗಲಿ ಬಲೆಯಾಗಲಿ ಇಲ್ಲದಿರುವುದರಿಂದ ಸುತ್ತುವಾಗ ಎಳೆ ಜಾರುತ್ತದೆ, ಒಣಗಿದ ಮೇಲೆ ರೋಲರ್ ತಾನಾಗಿ ಜಾರಿ ಹೊರಬರುತ್ತದೆ. ದೊಡ್ಡ ಅಳತೆಯದನ್ನು ಆರಿಸಿದಷ್ಟೂ ಎಳೆ ಕಡಿಮೆ ಬಾಗುತ್ತದೆ, ಸುತ್ತುಗಳೂ ಕಡಿಮೆಯಾಗುತ್ತವೆ, ಬುಡದ ಸುರುಳಿಯೂ ಹೆಚ್ಚು ನೇರವಾಗುತ್ತದೆ. ಹೆಗಲು ಮುಟ್ಟುವ ಕೂದಲಿಗೆ ಒಂದೂವರೆಯಿಂದ ಎರಡು ಇಂಚು ವ್ಯಾಸದ ರೋಲರ್ ಸಾಮಾನ್ಯವಾಗಿ ಸರಿಹೊಂದುತ್ತದೆ. ಕೊರತೆ ಇರುವುದು ಕೌಶಲದಲ್ಲಿ: ನುಣುಪು ರೋಲರ್ ಕೈಯಿಂದ ಜಾರುತ್ತದೆ, ಹೊಸಬರು ಅದನ್ನು ಹಿಡಿದಿಡಲು ಬೇಡದಷ್ಟು ಬಿಗಿಯಾಗಿ ಎಳೆಯುತ್ತಾರೆ.

ಬಲೆಯ ರೋಲರ್ ಎಂದರೆ ತಂತಿಯ ಸುರುಳಿಯ ಮೇಲೆ ಜಾಲರಿ ಹೊದಿಸಿದ್ದು. ಗಾಳಿ ಸರಾಗವಾಗಿ ಆಡುವುದರಿಂದ ಬೇಗ ಒಣಗುತ್ತದೆ, ಬೇಗ ಒಣಗಿದರೆ ಶಾಖದ ಸಮಯವೂ ತಗ್ಗುತ್ತದೆ. ಇದು ಅದರ ನಿಜವಾದ ಅನುಕೂಲ. ಆದರೆ ಸವೆದ ಕೂದಲ ತುದಿಗಳು ಜಾಲರಿಯ ಕಣ್ಣುಗಳೊಳಗೆ ಸೇರಿಕೊಂಡು ಬಿಚ್ಚುವಾಗ ಸಿಕ್ಕುತ್ತವೆ. ಒಳಗೆ ಬ್ರಷ್ ಇರುವ ಬಗೆಯಂತೂ ನಾಜೂಕು ಕೂದಲಿಗೆ ಸಲ್ಲದು. ಬ್ರಷ್ ತೆಗೆದು, ತುದಿಗೆ ಎಂಡ್ ಪೇಪರ್ ಎಂಬ ತೆಳು ಕಾಗದ ಮಡಚಿ ಹಾಕಿ ಬಳಸಿದರೆ ಜಾಲರಿಯನ್ನು ಒಪ್ಪಬಹುದು. ವೆಲ್ಕ್ರೋ ರೋಲರ್‌ನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಅದರ ಕೊಕ್ಕೆಗಳೇ ಕೂದಲನ್ನು ಹಿಡಿಯುವ ಸಾಧನ, ಹಾಗಾಗಿ ರಿಲ್ಯಾಕ್ಸ್ ಮಾಡಿದ ಒದ್ದೆ ಕೂದಲಿಗೆ ಅದನ್ನು ಹಾಕಲೇಬಾರದು.

ಸ್ಪಂಜಿನ ರೋಲರ್ ಮೆತ್ತಗಿರುವುದರಿಂದ ಸುರಕ್ಷಿತ ಎಂದು ಹಲವರು ನಂಬುತ್ತಾರೆ. ಆ ನಂಬಿಕೆ ಅರ್ಧ ಮಾತ್ರ ಸರಿ. ಬರಿಯ ಸ್ಪಂಜು ಕೂದಲಿನ ನೀರನ್ನೂ ಹಚ್ಚಿದ ಕ್ರೀಮನ್ನೂ ಹೀರಿ ಎಳೆಯನ್ನು ಒಣಗಿಸುತ್ತದೆ, ಅದರ ಪ್ಲಾಸ್ಟಿಕ್ ಮುಚ್ಚಳ ಕೂದಲಿನ ಮೇಲೆ ಕಚ್ಚಿಕೊಂಡು ಗೆರೆ ಮೂಡಿಸುತ್ತದೆ, ಆ ಗೆರೆಯಿರುವ ಕಡೆಯೇ ಮುಂದೆ ಎಳೆ ತುಂಡಾಗುತ್ತದೆ. ಸ್ಯಾಟಿನ್ ಬಟ್ಟೆ ಹೊದಿಸಿದ ಸ್ಪಂಜಿನಲ್ಲಿ ಈ ಎರಡೂ ತೊಂದರೆ ಬಹಳಷ್ಟು ಕಡಿಮೆ. ರಾತ್ರಿ ಮಲಗುವಾಗ ಹಾಕಿಕೊಳ್ಳಲು, ಅದೂ ಹೆಚ್ಚುಕಡಿಮೆ ಒಣಗಿದ ಕೂದಲಿಗೆ, ಇದು ಒಳ್ಳೆಯ ಆಯ್ಕೆ.

ಫ್ಲೆಕ್ಸಿ ರಾಡ್, ಅಂದರೆ ಒಳಗೆ ಬಗ್ಗುವ ತಂತಿಯಿದ್ದು ಹೊರಗೆ ಫೋಮ್ ಇರುವ ಉದ್ದನೆಯ ಕಡ್ಡಿ, ಒಂದು ವಿಷಯದಲ್ಲಿ ಮ್ಯಾಗ್ನೆಟಿಕ್ ರೋಲರ್‌ಗಿಂತಲೂ ಮೇಲು: ಇದಕ್ಕೆ ಕ್ಲಿಪ್ಪೇ ಬೇಡ. ಎರಡು ತುದಿಗಳನ್ನು ಮಡಚಿದರೆ ಸಾಕು, ಬುಡವನ್ನು ಎಳೆಯದೆಯೂ ನಿಲ್ಲುತ್ತದೆ. ಹಣೆಯಂಚಿನಲ್ಲಿ, ಕತ್ತಿನ ಹಿಂಭಾಗದಲ್ಲಿ ಕೂದಲು ತೆಳುವಾಗಿರುವವರಿಗೆ, ಟಚ್‌ಅಪ್ (ಬುಡದ ಹೊಸ ಕೂದಲಿಗೆ ಮತ್ತೆ ರಿಲ್ಯಾಕ್ಸರ್ ಹಾಕಿಸುವುದು) ಮಾಡಿಸಲು ಬಹಳ ದಿನ ತಡೆಯುವವರಿಗೆ ಇದನ್ನೇ ಸೂಚಿಸುತ್ತೇನೆ. ಬುಡ ನೇರವಾಗುವುದಿಲ್ಲ, ಸುರುಳಿ ಸುರುಳಿಯಾದ ಕೂದಲೇ ಸಿಗುತ್ತದೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು. ಸುರುಳಿ ಕೂದಲು ಬುಡದ ಕೂದಲಿನೊಂದಿಗೆ ಬೆರೆತುಹೋಗುವುದರಿಂದ ಬುಡವನ್ನು ಬಿಸಿ ಮಾಡಿ ನೇರಗೊಳಿಸುವ ಅವಶ್ಯಕತೆಯೇ ಇರುವುದಿಲ್ಲ. ಪರ್ಮ್ ರಾಡ್‌ನಲ್ಲಿ ಸುರುಳಿ ಇನ್ನೂ ಚಿಕ್ಕದಾಗಿ ಬರುತ್ತದೆ, ಆದರೆ ಅದರ ರಬ್ಬರ್ ಪಟ್ಟಿ ಬುಡದ ಮೇಲೆ ಅಡ್ಡ ಬಿದ್ದು ಒತ್ತುತ್ತದೆ. ಬಳಸಲೇಬೇಕಾದರೆ ಆ ಪಟ್ಟಿ ಕೂದಲಿಗೆ ತಾಗದ ಕಡೆಗೆ ತಿರುಗಿಸಿ ಹಾಕಬೇಕು. ವಿದ್ಯುತ್ತಿನ ಬಿಸಿ ರೋಲರ್‌ಗಳು ಒಣ ಕೂದಲಿಗಾಗಿ ಮಾಡಿದವು, ಅವುಗಳ ಶಾಖ ನೇರವಾಗಿ ತುದಿಗೇ ತಾಗುತ್ತದೆ. ಅಪರೂಪಕ್ಕೆ ಒಂದು ಸಮಾರಂಭಕ್ಕೆ ಬಳಸಬಹುದಾದರೂ ವಾರವಾರದ ರೂಢಿಗೆ ಬೇಡ.

ಸುತ್ತುವ ಕೈ

ಒಂದೇ ರೋಲರ್ ಒಬ್ಬರ ಕೈಯಲ್ಲಿ ಕೂದಲನ್ನು ಉಳಿಸುತ್ತದೆ, ಇನ್ನೊಬ್ಬರ ಕೈಯಲ್ಲಿ ತುಂಡು ಮಾಡುತ್ತದೆ. ಆದ್ದರಿಂದ ಈ ಭಾಗವನ್ನು ರೋಲರ್‌ನ ಆಯ್ಕೆಗಿಂತಲೂ ಮುಖ್ಯವೆಂದು ಪರಿಗಣಿಸಬೇಕು.

ಸಿಕ್ಕು ಬಿಡಿಸುವ ಕೆಲಸ ಕಂಡೀಷನರ್ ಕೂದಲಲ್ಲಿ ಇರುವಾಗಲೇ ಮುಗಿದಿರಬೇಕು. ಅಗಲ ಹಲ್ಲಿನ ಬಾಚಣಿಗೆಯನ್ನು ತುದಿಯಿಂದ ಶುರುಮಾಡಿ ಮೇಲಕ್ಕೆ ಸರಿಸಬೇಕು, ಕೂಡುಜಾಗದ ಕೆಳಗೆ ಇನ್ನೊಂದು ಕೈಯಿಂದ ಕೂದಲನ್ನು ಹಿಡಿದುಕೊಂಡಿರಬೇಕು. ಹಾಗೆ ಹಿಡಿದರೆ ಬಾಚಣಿಗೆಯ ಎಳೆತ ಬುಡಕ್ಕೆ ತಲುಪುವುದಿಲ್ಲ. ತೊಳೆದ ಮೇಲೆ ಟವೆಲ್‌ನಿಂದ ಉಜ್ಜದೆ ಒತ್ತಿ ಒತ್ತಿ ನೀರು ತೆಗೆದು, ತೊಳೆಯದೆ ಹಾಗೆಯೇ ಬಿಡುವ ಲೀವ್-ಇನ್ ಕಂಡೀಷನರ್ ಹಚ್ಚಿ, ತಲೆಯನ್ನು ನಾಲ್ಕೈದು ಭಾಗ ಮಾಡಿ ಕ್ಲಿಪ್ ಹಾಕಿಡಬೇಕು. ಸುತ್ತುತ್ತಿರುವ ಭಾಗ ಒಣಗತೊಡಗಿದರೆ ಸ್ಪ್ರೇ ಬಾಟಲಿಯ ನೀರನ್ನು ಹಗುರವಾಗಿ ಸಿಂಪಡಿಸಬೇಕು, ಅರ್ಧ ಒಣಗಿದ ಕೂದಲನ್ನು ಬಲವಂತವಾಗಿ ಬಾಚಬಾರದು.

ಬೈತಲೆ ತೆಗೆದ ಪ್ರತಿ ಭಾಗವೂ ರೋಲರ್‌ನ ಉದ್ದಕ್ಕಿಂತ ಅಗಲವಾಗಿರಬಾರದು, ಅದರ ವ್ಯಾಸಕ್ಕಿಂತ ದಪ್ಪವಾಗಿಯೂ ಇರಬಾರದು. ಅಗಲ ಹೆಚ್ಚಾದರೆ ಎರಡು ಬದಿಯ ಎಳೆಗಳು ಓರೆಯಾಗಿ ಎಳೆಯಲ್ಪಡುತ್ತವೆ, ದಪ್ಪ ಹೆಚ್ಚಾದರೆ ಒಳಗಿನ ಪದರ ಒಣಗುವುದೇ ಇಲ್ಲ. ಒಂದು ಭಾಗವನ್ನು ಸುತ್ತುವ ಬಗೆಯನ್ನು ಹತ್ತಿರದಿಂದ ನೋಡೋಣ. ಕೂದಲನ್ನು ತಲೆಯಿಂದ ನೇರ ಮೇಲಕ್ಕೆತ್ತಿ ಮೆಲ್ಲಗೆ ಒಮ್ಮೆ ಬಾಚಿ, ಎಂಡ್ ಪೇಪರನ್ನು ಉದ್ದಕ್ಕೆ ಮಡಚಿ ತುದಿಗಳನ್ನು ಅದರೊಳಗೆ ಸೇರಿಸಿ, ಪೇಪರನ್ನು ತುದಿಗಳು ಮರೆಯಾಗುವಷ್ಟು ತುದಿಯ ಕಡೆಗೆ ಜಾರಿಸಬೇಕು. ಈಗ ರೋಲರ್‌ಗೆ ಮೊದಲು ತಾಗುವುದು ಪೇಪರ್, ಕೂದಲಲ್ಲ. ಎರಡೂ ಹೆಬ್ಬೆರಳುಗಳಿಂದ ಪೇಪರನ್ನು ರೋಲರ್‌ಗೆ ಒತ್ತಿ ಹಿಡಿದು ಮೊದಲ ಸುತ್ತನ್ನು ನಿಧಾನವಾಗಿ ಮುಗಿಸಿದರೆ ಉಳಿದ ಸುತ್ತುಗಳು ತಾವಾಗಿ ನುಣುಪಾಗಿ ಬರುತ್ತವೆ. ಈ ಪೇಪರ್ ಇಲ್ಲದೆ ಸುತ್ತಿದ ತುದಿಗಳು ಮೀನಿನ ಗಾಳದ ಹಾಗೆ ಮಡಚಿಕೊಂಡು ಒಣಗುತ್ತವೆ, ಅವುಗಳನ್ನು ಬಿಡಿಸಲು ಹೋದಾಗಲೇ ತುಂಡಾಗುತ್ತವೆ.

ರೋಲರ್ ಕೂರುವ ಜಾಗದಲ್ಲಿ ಮೂರು ಆಯ್ಕೆಗಳಿವೆ. ಕೂದಲನ್ನು ಮುಂದಕ್ಕೆ ವಾಲಿಸಿ ಸುತ್ತಿ ರೋಲರ್ ಬುಡದ ಮೇಲೆಯೇ ಕೂರುವಂತೆ ಮಾಡಿದರೆ ಬುಡ ಎತ್ತರವಾಗಿ ನಿಲ್ಲುತ್ತದೆ, ಬುಡದ ಮೇಲಿನ ಎಳೆತವೂ ಅಷ್ಟೇ ಹೆಚ್ಚು. ತಲೆಗೆ ಲಂಬವಾಗಿ ಹಿಡಿದು ಸುತ್ತಿದರೆ ರೋಲರ್ ಅರ್ಧ ಬುಡದ ಮೇಲೆ, ಅರ್ಧ ಆಚೆ ಕೂರುತ್ತದೆ. ನಾಜೂಕು ಕೂದಲಿಗೆ ನನ್ನ ಮಟ್ಟಿಗೆ ಇದೇ ಸರಿಯಾದ ಮಧ್ಯಮ ಮಾರ್ಗ. ಹಣೆಯಂಚಿನಲ್ಲಿ, ಕಿವಿಯ ಬಳಿ, ಕತ್ತಿನ ಹಿಂದೆ ಮಾತ್ರ ಕೂದಲನ್ನು ಕೆಳಕ್ಕೆ ಹಿಡಿದು ಸುತ್ತಿ ರೋಲರ್ ಬುಡದಿಂದ ಪೂರ್ತಿ ಆಚೆ ನಿಲ್ಲುವಂತೆ ಬಿಡಬೇಕು. ಸುತ್ತಿ ಮುಗಿಸಿದಾಗ ನೆತ್ತಿಯ ಚರ್ಮ ಮೇಲಕ್ಕೆದ್ದು ಬಿಳಿಚಿದಂತೆ ಕಂಡರೆ, ಅಥವಾ ಹುಬ್ಬು ಎತ್ತಲು ಕಷ್ಟವಾದರೆ ಬಿಗಿ ಹೆಚ್ಚಾಗಿದೆ. ನೋವು ಕಾಣಿಸಿದ ರೋಲರನ್ನು ಅಲ್ಲೇ ಬಿಚ್ಚಿ ಮತ್ತೆ ಸುತ್ತಬೇಕು. ಮತ್ತೆ ಮತ್ತೆ ಇಂಥ ಎಳೆತ ಬಿದ್ದರೆ ಹಣೆಯಂಚಿನ ಕೂದಲು ಬುಡಸಮೇತ ಹೋಗಿ, ಕ್ರಮೇಣ ಅಲ್ಲಿ ಮತ್ತೆ ಬೆಳೆಯದಂತಾಗಬಹುದು.

ಕ್ಲಿಪ್‌ಗಳಲ್ಲಿ ಒಂದೇ ಅಲಗಿನ ಹಗುರವಾದ ಲೋಹದ ಕ್ಲಿಪ್ ಬಾಬಿ ಪಿನ್‌ಗಿಂತ ಮೇಲು. ಬಾಬಿ ಪಿನ್‌ನ ಎರಡೂ ಕಾಲುಗಳು ಎಳೆಗಳನ್ನು ನಡುವೆ ಅದುಮಿ ಹಿಡಿಯುತ್ತವೆ, ತುದಿಯ ಪ್ಲಾಸ್ಟಿಕ್ ಗುಂಡಿ ಕಳಚಿದ್ದರಂತೂ ಒಳಗೆ ಕತ್ತರಿಸುತ್ತವೆ. ಕ್ಲಿಪ್ಪನ್ನು ಬುಡಕ್ಕೆ ಅಡ್ಡವಾಗಿ ಚುಚ್ಚದೆ, ರೋಲರ್‌ನ ಒಳಗಿನಿಂದ ಪಕ್ಕದ ರೋಲರ್‌ಗೆ ಸೇರಿಸಿ ಹಾಕಿದರೆ ಅದರ ಒತ್ತಡ ಕೂದಲಿಗಿಂತ ಪ್ಲಾಸ್ಟಿಕ್ಕಿನ ಮೇಲೆ ಬೀಳುತ್ತದೆ. ಮೇಲಿನಿಂದ ಒತ್ತಿ ಮುಚ್ಚುವ ಪ್ಲಾಸ್ಟಿಕ್ ಹೊದಿಕೆಗಳಿರುವ ರೋಲರ್‌ಗಳನ್ನು ನಾನು ಸೂಚಿಸಲಾರೆ. ಅವು ಬುಡದ ಗೆರೆಯುದ್ದಕ್ಕೂ ಕಚ್ಚುತ್ತವೆ.

ಹಚ್ಚುವುದು, ಒಣಗಿಸುವುದು

ರೋಲರ್ ಕೊಟ್ಟ ಆಕಾರ ನಿಲ್ಲಲು ಹಚ್ಚುವ ಸೆಟಿಂಗ್ ಲೋಷನ್ ಮತ್ತು ಸೆಟಿಂಗ್ ಫೋಮ್ ಎರಡರಲ್ಲಿ ನಾಜೂಕು ಕೂದಲಿಗೆ ಆಲ್ಕೋಹಾಲ್ ಕಡಿಮೆಯಿರುವ ಫೋಮ್ ಸುಲಭ, ಏಕೆಂದರೆ ಅದು ಗಟ್ಟಿಯಾಗಿ ಅಂಟುವುದಿಲ್ಲ. ಲಾಟಾಬಾಡಿಯಂಥ ಸಾಂದ್ರ ಲೋಷನ್‌ಗಳನ್ನು ನೀರಿಗೆ ಬೆರೆಸಿಯೇ ಬಳಸಬೇಕು. ಹಾಗೆಯೇ ಸುರಿದರೆ ಕೂದಲು ಕಡ್ಡಿಯಾಗಿ ಒಣಗಿ ಬಿಚ್ಚುವಾಗ ಮುರಿಯುತ್ತದೆ. ರೋಲರ್ ಹಾಕುವ ಮೊದಲು ಎಣ್ಣೆ ಸುರಿದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಸಹಜವಾಗಿ ಬರಬಹುದು, ಆದರೆ ಜಿಡ್ಡು ಹೆಚ್ಚಾದರೆ ಸೆಟ್ ಕೂರುವುದಿಲ್ಲ, ಕೂರಿಸಲು ಮತ್ತೆ ಶಾಖ ಹೆಚ್ಚಿಸಬೇಕಾಗುತ್ತದೆ. ತುದಿಗಳಿಗೆ ಒಂದೆರಡು ಹನಿ ಸಾಕು.

ಒಣಗಿಸಲು ಮೂರು ದಾರಿಗಳು. ನಿಲ್ಲಿಸುವ ಗಟ್ಟಿ ಹುಡ್ ಡ್ರೈಯರ್ ಎಲ್ಲ ರೋಲರ್‌ಗಳಿಗೂ ಒಂದೇ ಸಮನಾಗಿ ಗಾಳಿ ಕೊಡುತ್ತದೆ. ಮಧ್ಯಮ ಶಾಖದಲ್ಲಿ, ಕೂದಲಿನ ಉದ್ದ ಮತ್ತು ದಟ್ಟಣೆಗೆ ತಕ್ಕಂತೆ, 45 ನಿಮಿಷದಿಂದ ಒಂದೂವರೆ ಗಂಟೆ ಹಿಡಿಯಬಹುದು. ಬಟ್ಟೆಯ ಬಾನೆಟ್ ಡ್ರೈಯರ್ ಅಗ್ಗ, ಮನೆಯಲ್ಲಿಡಲು ಅನುಕೂಲ, ಆದರೆ ದೊಡ್ಡ ರೋಲರ್‌ಗಳ ಮೇಲೆ ಅದು ಬಿಗಿಯಾಗಿ ಒತ್ತುತ್ತದೆ, ಕೊಳವೆ ಸೇರುವ ಒಂದು ಕಡೆ ಮಾತ್ರ ಹೆಚ್ಚು ಬಿಸಿಯಾಗುತ್ತದೆ. ಗಾಳಿಗೆ ಬಿಟ್ಟು ಒಣಗಿಸಿದರೆ ಶಾಖವೇ ಇಲ್ಲ, ಆದರೆ ದೊಡ್ಡ ರೋಲರ್‌ಗಳಲ್ಲಿ ಬಹಳ ಹೊತ್ತು ಒದ್ದೆಯಾಗಿ ಎಳೆದುಕೊಂಡಿರುವುದು ಕೂದಲಿಗೂ ಒಳ್ಳೆಯದಲ್ಲ, ಮಳೆಗಾಲದ ಮಂಗಳೂರಿನಲ್ಲಿ ಅದು ಒಣಗುವುದೂ ಅನುಮಾನ. ಫ್ಲೆಕ್ಸಿ ರಾಡ್‌ಗೆ ಮಾತ್ರ ಗಾಳಿಯಲ್ಲಿ ಒಣಗಿಸುವುದು ಸರಿಹೊಂದುತ್ತದೆ.

ಡೊಮಿನಿಕನ್ ಪಾರ್ಲರ್‌ಗಳಲ್ಲಿ ರೋಲರ್ ತೆಗೆದ ಮೇಲೆ ದುಂಡು ಬ್ರಷ್ ಮತ್ತು ತೀರಾ ಬಿಸಿಯಾದ ಬ್ಲೋ ಡ್ರೈಯರ್‌ನಿಂದ ಬುಡವನ್ನು ನೇರ ಮಾಡುತ್ತಾರೆ. ಫಲಿತಾಂಶ ನೋಡಲು ಬಹಳ ಚೆಂದ, ಆದರೆ ಬ್ರಷ್‌ನ ಎಳೆತವೂ ಶಾಖವೂ ಎರಡೂ ಒಟ್ಟಿಗೆ ಬೀಳುವುದು ದುರ್ಬಲವಾದ ಆ ಕೂಡುಜಾಗದ ಮೇಲೆಯೇ. ಕೂದಲು ಈಗಾಗಲೇ ತುಂಡಾಗುತ್ತಿದ್ದರೆ, ರೋಲರ್ ಸೆಟ್ಟಷ್ಟೇ ಸಾಕು, ಬುಡಕ್ಕೆ ಬ್ಲೋ ಡ್ರೈಯರ್ ಬೇಡ ಎಂದು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಡಬೇಕು. ಅದರ ಬದಲು ಒಣಗಿದ ಕೂದಲನ್ನು ತಲೆಯ ಸುತ್ತ ಚಪ್ಪಟೆಯಾಗಿ ಸುತ್ತಿ, ಸ್ಯಾಟಿನ್ ಸ್ಕಾರ್ಫ್ ಕಟ್ಟಿ, ಹತ್ತು ಹದಿನೈದು ನಿಮಿಷ ಹುಡ್ ಕೆಳಗೆ ಕುಳಿತರೆ ಬುಡ ಸಾಕಷ್ಟು ಮಲಗುತ್ತದೆ.

ಬಿಚ್ಚುವಾಗ

ಕೂದಲು ನೂರಕ್ಕೆ ನೂರು ಒಣಗಿ, ಆಮೇಲೆ ತಣ್ಣಗಾಗಿರಬೇಕು. ಬಿಸಿಯಾಗಿರುವಾಗ ಒಣಗಿದಂತೆ ತೋರುವ ಕೂದಲು ಒಳಗೆ ತೇವವಾಗಿರುವುದುಂಟು, ಹಾಗಾಗಿ ಕತ್ತಿನ ಹಿಂದಿನ ಒಂದು ರೋಲರನ್ನು ಬಿಚ್ಚಿ ನೋಡಿ, ತೇವ ತಗುಲಿದರೆ ಮತ್ತೆ ಸುತ್ತಿ ಇನ್ನೂ ಹದಿನೈದು ನಿಮಿಷ ಒಣಗಿಸಬೇಕು. ಕ್ಲಿಪ್ಪುಗಳನ್ನೆಲ್ಲ ಮೊದಲು ತೆಗೆದು, ರೋಲರನ್ನು ಸುತ್ತಿದ ದಿಕ್ಕಿಗೆ ಎದುರಾಗಿ ಬಿಚ್ಚಬೇಕು. ಬದಿಯಿಂದ ಎಳೆದು ಕಳಚಬಾರದು. ಮೊದಲ ದಿನ ಬೆರಳುಗಳೇ ಬಾಚಣಿಗೆ ಎಂದುಕೊಳ್ಳುವುದು ಒಳ್ಳೆಯದು.

ಯಾರಿಗೆ ಯಾವುದು

ಬುಡದಲ್ಲಿ ಹೊಸ ಕೂದಲು ಕಡಿಮೆಯಿದ್ದು ಎಳೆ ಪರೀಕ್ಷೆಯಲ್ಲಿ ಗೆದ್ದವರಿಗೆ ದೊಡ್ಡ ಮ್ಯಾಗ್ನೆಟಿಕ್ ರೋಲರ್, ಎಂಡ್ ಪೇಪರ್, ಗಟ್ಟಿ ಹುಡ್ ಡ್ರೈಯರ್, ಇವಿಷ್ಟೇ ಸಾಕು. ಎಂಟು ಹತ್ತು ವಾರ ಕಳೆದವರಿಗೆ, ಕತ್ತಿನ ಹಿಂಭಾಗ ತುಂಡಾಗಿ ಗಿಡ್ಡವಾಗಿರುವವರಿಗೆ ಮುಕ್ಕಾಲು ಒಣಗಿದ ಕೂದಲ ಮೇಲೆ ಫ್ಲೆಕ್ಸಿ ರಾಡ್. ಎರಡೂ ಬೇಕೆನಿಸಿದರೆ ನಡುನೆತ್ತಿಗೆ ರೋಲರ್, ಅಂಚುಗಳಿಗೆ ರಾಡ್ ಹಾಕುವುದಕ್ಕೆ ಅಡ್ಡಿಯಿಲ್ಲ, ನೋಟವೂ ಕೆಡುವುದಿಲ್ಲ. ಹೊಸದಾಗಿ ರಿಲ್ಯಾಕ್ಸ್ ಮಾಡಿಸಿಕೊಂಡ ದಿನವೇ ಬಿಗಿ ಸೆಟ್ ಮಾಡಿಸಿಕೊಳ್ಳುವವರು ಅದನ್ನು ಮುಂದಿನ ವಾರದ ತೊಳೆತಕ್ಕೆ ಮುಂದೂಡುವುದು ಲೇಸು. ವಾರಕ್ಕೆ ಒಂದು ಸೆಟ್ ಸಾಕು: ನಡುವೆ ಸುರುಳಿ ಸಡಿಲಾದರೆ ಮತ್ತೆ ನೀರು ಹಾಕದೆ, ರಾತ್ರಿ ನಾಲ್ಕೈದು ಸ್ಯಾಟಿನ್ ಸ್ಪಂಜುಗಳಿಗೆ ಸಡಿಲವಾಗಿ ಸುತ್ತಿ, ಹತ್ತಿಯ ದಿಂಬಿನ ಮೇಲೆ ಸ್ಯಾಟಿನ್ ಹೊದಿಕೆ ಹಾಕಿ ಮಲಗಿದರೆ ಬೆಳಿಗ್ಗೆ ಡ್ರೈಯರ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.